ಕಾಡಿನ ಯುದ್ಧದ ದಂಡನಾಯಕ ಆರ್ಡ್ ವಿಂಗೇಟ್

ಕಳೆದ ಎನ್‌ಸಿಸಿ ಶಿಬಿರದಲ್ಲಿ ಗುಡ್ಡ ಹತ್ತುವಾಗ ನಮ್ಮ ತಂಡದ ಒಬ್ಬನ ಕಾಲು ಉಳುಕಿತು. ಎರಡು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಅದರಲ್ಲಿ ಅವನನ್ನು ಮಲಗಿಸಿ, ಸರದಿಯಂತೆ ಹೊತ್ತು ಕೆಳಗೆ ತಂದೆವು. ದೂರ ಎರಡು ಕಿಲೋಮೀಟರ್ ಇರಬಹುದು. ಅಷ್ಟಕ್ಕೇ ನನ್ನ ಹೆಗಲು ಎರಡು ದಿನ ನೋಯಿತು. ಶಿಬಿರದಿಂದ ಬಂದ ಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಎರಡನೇ ಮಹಾಯುದ್ಧದ ಬರ್ಮಾ ರಣರಂಗದ ಬಗ್ಗೆ ಓದುತ್ತಿದ್ದಾಗ ಆರ್ಡ್ ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಸಿಕ್ಕಿತು. ನಡೆಯಲಾಗದ ಗಾಯಾಳುಗಳನ್ನು ಶತ್ರುವಿನ ಕಾಡಿನಲ್ಲೇ ಬಿಟ್ಟು ಮುಂದೆ ಹೋಗಬೇಕು ಎಂಬುದು ಅವನ ಪಡೆಯ ನಿಯಮವಾಗಿತ್ತು. ಅದನ್ನು ಓದಿದ ಮೇಲೆ ಈ ಮನುಷ್ಯ ಯಾರು ಎಂದು ತಿಳಿಯದೆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ.

ವಿಂಗೇಟ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1903ರ ಫೆಬ್ರವರಿ 26ರಂದು ನೈನಿತಾಲದಲ್ಲಿ. ತಂದೆ ಭಾರತದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಮನೆಯಲ್ಲಿ ಕಟ್ಟುನಿಟ್ಟಿನ ಕ್ರೈಸ್ತ ಶಿಸ್ತು. ಇಂಗ್ಲೆಂಡಿನಲ್ಲಿ ಬೆಳೆದು 1923ರಲ್ಲಿ ಫಿರಂಗಿ ದಳ ಸೇರಿದ. ಅರಬ್ಬಿ ಭಾಷೆ ಕಲಿತು 1928ರಿಂದ ಐದು ವರ್ಷ ಸೂಡಾನಿನಲ್ಲಿ ಕೆಲಸ ಮಾಡಿದ. ಅಲ್ಲಿನ ಬಿಸಿಲಿನಲ್ಲಿ ಕಡಿಮೆ ನೀರು, ಕಡಿಮೆ ಆಹಾರದಲ್ಲಿ ದಿನಗಟ್ಟಲೆ ನಡೆಯುವುದನ್ನು ರೂಢಿಸಿಕೊಂಡ. ಸ್ವಭಾವ ವಿಚಿತ್ರ. ಹಸಿ ಈರುಳ್ಳಿಯನ್ನು ಹಣ್ಣಿನಂತೆ ತಿನ್ನುತ್ತಿದ್ದ. ಮೇಲಧಿಕಾರಿಗಳ ಜೊತೆ ಜಗಳ ಸಾಮಾನ್ಯವಾಗಿತ್ತು.

1936ರಲ್ಲಿ ಅವನನ್ನು ಪ್ಯಾಲೆಸ್ತೀನಿಗೆ ಕಳುಹಿಸಿದರು. ಆಗ ಅಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಅರಬರ ಬಂಡಾಯ ನಡೆಯುತ್ತಿತ್ತು. ವಿಂಗೇಟ್ ಯಹೂದಿ ರಾಷ್ಟ್ರದ ಬೇಡಿಕೆಯ ಕಟ್ಟಾ ಬೆಂಬಲಿಗನಾದ. 1938ರಲ್ಲಿ ಬ್ರಿಟಿಷ್ ಸೈನಿಕರನ್ನೂ ಯಹೂದಿ ಯುವಕರನ್ನೂ ಸೇರಿಸಿ ರಾತ್ರಿ ದಾಳಿಯ ವಿಶೇಷ ತುಕಡಿಗಳನ್ನು ಕಟ್ಟಿದ. ಕತ್ತಲಲ್ಲಿ ನಡೆದುಹೋಗಿ ಎದುರಾಳಿಯನ್ನು ಅವನ ನೆಲೆಯಲ್ಲೇ ಹಿಡಿಯುವ ವಿದ್ಯೆ ಅವನಿಗೆ ಅಲ್ಲಿ ಕರಗತವಾಯಿತು. ಆದರೆ ಆ ತುಕಡಿಗಳು ಅರಬ್ ಹಳ್ಳಿಗಳ ಜನರ ಮೇಲೆ ಕ್ರೂರವಾಗಿ ನಡೆದುಕೊಂಡದ್ದನ್ನೂ, ಬಂಡಾಯಗಾರರು ಮಾಡಿದ್ದಕ್ಕೆ ಊರಿನವರು ಶಿಕ್ಷೆ ಅನುಭವಿಸಿದ್ದನ್ನೂ ಇತಿಹಾಸಕಾರರು ದಾಖಲಿಸಿದ್ದಾರೆ.

ಈ ಪುಟಗಳನ್ನು ಓದಿ ನಾನು ಬರೆಯುವುದನ್ನೇ ನಿಲ್ಲಿಸಿದ್ದೆ. ಇದನ್ನು ಬಿಟ್ಟು ಬರ್ಮಾದ ಸಾಹಸ ಮಾತ್ರ ಬರೆಯಬಹುದಿತ್ತು, ಇಲ್ಲವೇ ಬೇರೆ ಯಾರನ್ನಾದರೂ ಆರಿಸಬಹುದಿತ್ತು. ಇತಿಹಾಸದ ಸರ್ ಅವರನ್ನು ಕೇಳಿದೆ. ಎರಡನ್ನೂ ಬರೆ, ಯಾವುದನ್ನೂ ಅಡಗಿಸಬೇಡ ಎಂದರು. ಹಾಗಾಗಿ ಮುಂದುವರಿಸಿದೆ.

1941ರಲ್ಲಿ ವಿಂಗೇಟ್ ಇಥಿಯೋಪಿಯದಲ್ಲಿದ್ದ. ಇಟಲಿ ಆ ದೇಶವನ್ನು ಆಕ್ರಮಿಸಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಓಡಿಸಿತ್ತು. ಸೂಡಾನಿ ಮತ್ತು ಇಥಿಯೋಪಿಯನ್ ಯೋಧರ ಒಂದು ಸಣ್ಣ ಪಡೆಯನ್ನು ಕಟ್ಟಿಕೊಂಡು, ಸಾವಿರಾರು ಒಂಟೆಗಳ ಮೇಲೆ ಸಾಮಾನು ಹೇರಿಸಿಕೊಂಡು, ವಿಂಗೇಟ್ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಇಟಲಿಯ ಸೈನ್ಯವನ್ನು ತಂತ್ರದಿಂದ ಹಿಂದಕ್ಕೆ ತಳ್ಳಿದ. ಮೇ 5ರಂದು ಚಕ್ರವರ್ತಿ ತನ್ನ ರಾಜಧಾನಿ ಆಡಿಸ್ ಅಬಾಬಾಕ್ಕೆ ಮರಳಿದ. ಇಷ್ಟಾದ ಮೇಲೂ ವಿಂಗೇಟ್‌ಗೆ ನೆಮ್ಮದಿ ಸಿಗಲಿಲ್ಲ. ಕೈರೋದಲ್ಲಿ ಮಲೇರಿಯಾ ಹಿಡಿದು, ತನ್ನ ಕೆಲಸವನ್ನು ಯಾರೂ ಲೆಕ್ಕಿಸಲಿಲ್ಲವೆಂದು ಕುಗ್ಗಿ, ಜೀವವನ್ನೇ ಕಳೆದುಕೊಳ್ಳಲು ಹೊರಟ. ಪಕ್ಕದ ಕೋಣೆಯ ಅಧಿಕಾರಿಗೆ ಅನುಮಾನ ಬಂದು ಸಹಾಯ ಕರೆಸಿದ್ದರಿಂದ ಉಳಿದ. ವಿಂಗೇಟ್ ಹೆಸರಾದದ್ದೆಲ್ಲ ಆ ದಿನದ ಆಚೆಗಿನ ಬದುಕಿನಲ್ಲಿ ಎಂಬುದನ್ನು ನಾವು ನೆನಪಿಡಬೇಕು.

1942ರಲ್ಲಿ ಜಪಾನ್ ಬರ್ಮಾವನ್ನು ಗೆದ್ದುಕೊಂಡಿತು. ಕಾಡಿನಲ್ಲಿ ಜಪಾನೀಯರನ್ನು ಸೋಲಿಸಲು ಸಾಧ್ಯವಿಲ್ಲ ಎಂಬ ಭಯ ಬ್ರಿಟಿಷ್ ಸೈನ್ಯದಲ್ಲಿ ಹರಡಿತ್ತು. ಭಾರತದಲ್ಲಿ ಸೇನಾಪತಿಯಾಗಿದ್ದ ವೇವಲ್, ವಿಂಗೇಟ್‌ನನ್ನು ಕರೆಸಿಕೊಂಡ. ವಿಂಗೇಟ್‌ನ ಯೋಚನೆ ಸರಳವಾಗಿತ್ತು. ಸೈನ್ಯಕ್ಕೆ ಹಿಂದಿನಿಂದ ರಸ್ತೆಯಲ್ಲಿ ಆಹಾರ, ಮದ್ದುಗುಂಡು ಬರಬೇಕು; ಆ ರಸ್ತೆ ಕಡಿದರೆ ಸೈನ್ಯ ಕುಸಿಯುತ್ತದೆ. ಆದರೆ ವೈರ್‌ಲೆಸ್‌ನಲ್ಲಿ ಹೇಳಿದ ಜಾಗಕ್ಕೆ ವಿಮಾನವೇ ಬಂದು ಪ್ಯಾರಾಚೂಟ್‌ನಲ್ಲಿ ಸಾಮಾನು ಇಳಿಸಿದರೆ ರಸ್ತೆಯೇ ಬೇಡ. ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಒಳಗೆ ಹೋಗಿ ಅವನ ರಸ್ತೆಯನ್ನೇ ಕಡಿಯಬಹುದು.

ಈ ಕೆಲಸಕ್ಕೆ ಸಿಕ್ಕಿದ್ದು ಆಯ್ದ ವೀರರಲ್ಲ. ಲಿವರ್‌ಪೂಲಿನ ಬೆಟಾಲಿಯನ್ನಿನಲ್ಲಿ ಹೆಚ್ಚಿನವರು ವಯಸ್ಸಾದ, ಮನೆಮಠವುಳ್ಳ ನಗರವಾಸಿಗಳು. ಜೊತೆಗೆ ಗೂರ್ಖಾಗಳು ಮತ್ತು ಕಾಡನ್ನು ಬಲ್ಲ ಕರೆನ್, ಕಚಿನ್, ಚಿನ್ ಜನಾಂಗಗಳ ಬರ್ಮಾ ರೈಫಲ್ಸ್ ಯೋಧರು. ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲವಿಡೀ ಅವರಿಗೆ ಕಠಿಣ ತರಬೇತಿ ನಡೆಯಿತು. ಬರ್ಮಾದ ಬೌದ್ಧ ಮಂದಿರಗಳ ಬಾಗಿಲಲ್ಲಿರುವ ಸಿಂಹದಂಥ ಪ್ರಾಣಿಗೆ ಚಿಂತೆ ಎಂದು ಹೆಸರು. ಆ ಮಾತು ಇಂಗ್ಲಿಷರ ಬಾಯಲ್ಲಿ ಚಿಂಡಿಟ್ ಆಗಿ, ಪಡೆಗೆ ಅದೇ ಹೆಸರು ನಿಂತಿತು.

1943ರ ಫೆಬ್ರವರಿಯಲ್ಲಿ ಸುಮಾರು 3,000 ಮಂದಿ ಚಿಂಡ್ವಿನ್ ನದಿ ದಾಟಿದರು. ಒಂದೊಂದು ತುಕಡಿಯಲ್ಲಿ ಸುಮಾರು 400 ಜನ. ಪ್ರತಿಯೊಬ್ಬನ ಬೆನ್ನ ಮೇಲೆ ಮೂವತ್ತು ಕಿಲೋ ಭಾರ. ವೈರ್‌ಲೆಸ್ ಮತ್ತು ಮದ್ದುಗುಂಡುಗಳನ್ನು ಹೇಸರಗತ್ತೆಗಳು ಹೊತ್ತವು. ಮಾರ್ಚ್ ಮೊದಲ ವಾರದಲ್ಲಿ ಮಂಡಾಲೆಯಿಂದ ಉತ್ತರಕ್ಕೆ ಹೋಗುವ ರೈಲು ಹಳಿಯನ್ನು ಹಲವು ಕಡೆ ಸ್ಫೋಟಿಸಿದರು. ಆಮೇಲೆ ಐರಾವತಿ ನದಿಯನ್ನೂ ದಾಟಿದರು. ಅಲ್ಲಿಂದ ಕಷ್ಟ ಶುರುವಾಯಿತು. ನೀರಿಲ್ಲ, ವಿಮಾನದ ಆಹಾರ ಸಾಲದು, ಸುತ್ತಲೂ ಜಪಾನೀಯರು. ಹಿಂದಿರುಗುವ ಆಜ್ಞೆ ಬಂದಾಗ ಪಡೆ ಚಿಕ್ಕ ಗುಂಪುಗಳಾಗಿ ಒಡೆದು ಹೊರಟಿತು. ಹೇಸರಗತ್ತೆಗಳನ್ನೇ ಕೊಂದು ತಿಂದರು. ನಡೆಯಲಾಗದವರಿಗೆ ಒಂದಿಷ್ಟು ನೀರು, ಒಂದು ಬಂದೂಕು ಕೊಟ್ಟು ಮರದ ಕೆಳಗೆ ಕೂರಿಸಿ ಗೆಳೆಯರೇ ಬಿಟ್ಟು ಬಂದರು. ಮರಳಿ ಬಂದವರು 2,182 ಮಂದಿ. ಅವರಲ್ಲಿಯೂ ಸುಮಾರು 600 ಮಂದಿ ಮತ್ತೆ ಯುದ್ಧಕ್ಕೆ ಯೋಗ್ಯರಾಗಲಿಲ್ಲ. ಮುರಿದ ರೈಲು ಹಳಿಯನ್ನು ಜಪಾನೀಯರು ಬೇಗನೆ ಸರಿಪಡಿಸಿಕೊಂಡರು.

ಹಾಗಾದರೆ ಇದರಿಂದ ಆದದ್ದೇನು? ಸಾಮಾನ್ಯ ಸೈನಿಕನೂ ಕಾಡಿನಲ್ಲಿ ಜಪಾನೀಯರನ್ನು ಎದುರಿಸಬಲ್ಲ ಎಂಬ ಧೈರ್ಯ ಬಂತು. ವಿಮಾನದಿಂದಲೇ ಸೈನ್ಯವನ್ನು ಸಾಕಬಹುದು ಎಂಬ ಅನುಭವ ಬಂತು. ಈ ಲಾಭಕ್ಕೆ ಎಂಟುನೂರು ಮನೆಗಳು ತೆತ್ತ ಬೆಲೆ ಸರಿಯೇ ಎಂದು ಅಂದಿನಿಂದ ಇಂದಿನವರೆಗೂ ವಾದ ನಡೆಯುತ್ತಲೇ ಇದೆ.

ವಿಂಗೇಟ್ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು. 1943ರ ಆಗಸ್ಟಿನಲ್ಲಿ ಪ್ರಧಾನಿ ಚರ್ಚಿಲ್ ಅವನನ್ನು ಕೆನಡಾದ ಕ್ವಿಬೆಕ್ ಸಮ್ಮೇಳನಕ್ಕೆ ಕರೆದೊಯ್ದಾಗ, ಅಮೆರಿಕನ್ನರ ಬೆಂಬಲ ಸಿಕ್ಕಿತು. ಸಾಮಾನು ಸಾಗಿಸುವ ವಿಮಾನ, ಗ್ಲೈಡರ್‌ಗಳ ಜೊತೆಗೆ ಕಾಡಿನ ಸಣ್ಣ ಬಯಲಿನಲ್ಲೂ ಇಳಿದು ಗಾಯಾಳುಗಳನ್ನು ಎತ್ತಿಕೊಂಡು ಹೋಗುವ ಹಗುರ ವಿಮಾನಗಳೂ ಬಂದವು. 1944ರ ಮಾರ್ಚ್ 5ರ ರಾತ್ರಿ ಎರಡನೇ ದಾಳಿ ಆರಂಭವಾಯಿತು. ಹೊರಡುವ ಹೊತ್ತಿಗೆ, ಇಳಿಯಬೇಕಾದ ಒಂದು ಬಯಲಿನ ತುಂಬ ಮರದ ದಿಮ್ಮಿಗಳು ಬಿದ್ದಿರುವ ಚಿತ್ರ ಬಂತು. ಶತ್ರುವಿಗೆ ಸುಳಿವು ಸಿಕ್ಕಿದೆಯೇನೋ ಎಂಬ ಆತಂಕದಲ್ಲೇ ಎಲ್ಲರನ್ನೂ ಬ್ರಾಡ್‌ವೇ ಎಂದು ಹೆಸರಿಟ್ಟಿದ್ದ ಇನ್ನೊಂದು ಬಯಲಿಗೆ ಕಳುಹಿಸಿದರು. ಕತ್ತಲಲ್ಲಿ ಗ್ಲೈಡರ್‌ಗಳು ಡಿಕ್ಕಿ ಹೊಡೆದು ಹಲವರು ಸತ್ತರು. ಆದರೂ ಮರುದಿನ ಸಂಜೆಯೊಳಗೆ ಅಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧವಾಯಿತು. ಕೆಲವೇ ದಿನಗಳಲ್ಲಿ ಸುಮಾರು 9,000 ಸೈನಿಕರು ಶತ್ರು ಸೀಮೆಯ ನಡುವೆ ಇಳಿದಿದ್ದರು. ಈ ಸಲದ ಪಡೆಯಲ್ಲಿ ನೈಜೀರಿಯಾದ ಬೆಟಾಲಿಯನ್‌ಗಳೂ ಇದ್ದವು. ಹಿಂದಿನ ವರ್ಷ ಕಾಡಿನಲ್ಲೇ ಉಳಿಯುತ್ತಿದ್ದ ಎಷ್ಟೋ ಗಾಯಾಳುಗಳು ಈ ವರ್ಷ ಭಾರತದ ಆಸ್ಪತ್ರೆ ತಲುಪಿದರು.

ವಿಂಗೇಟ್ ಅದರ ಕೊನೆಯನ್ನು ನೋಡಲಿಲ್ಲ. ಮಾರ್ಚ್ 24ರಂದು ಇಂಫಾಲದಿಂದ ಹೊರಟ ಅವನ ವಿಮಾನ ಮಣಿಪುರದ ಬೆಟ್ಟಗಳಿಗೆ ಬಡಿಯಿತು. ಒಬ್ಬರೂ ಉಳಿಯಲಿಲ್ಲ. ಆಗ ಅವನಿಗೆ 41 ವರ್ಷ. ಕೆಲವೇ ವಾರಗಳ ಬಳಿಕ ಅವನ ಮಗ ಹುಟ್ಟಿದ. ಯಾರ ಅವಶೇಷ ಯಾರದೆಂದು ಗುರುತಿಸಲಾಗದ ಕಾರಣ, ವಿಮಾನದಲ್ಲಿದ್ದವರನ್ನೆಲ್ಲ 1950ರಲ್ಲಿ ಅಮೆರಿಕದ ಆರ್ಲಿಂಗ್ಟನ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ನೈನಿತಾಲದಲ್ಲಿ ಹುಟ್ಟಿದವನ ಸಮಾಧಿ ಅಷ್ಟು ದೂರದಲ್ಲಿದೆ.

ಸ್ನೇಹಿತರೇ, ಈ ಲೇಖನ ಬರೆಯಲು ಕೂತಾಗ ಒಬ್ಬ ವೀರನನ್ನು ನಿಮಗೆ ಪರಿಚಯಿಸಬೇಕೆಂದಿದ್ದೆ. ಈಗ ಆ ಪದವನ್ನು ಬಳಸಲು ಕೈ ಹಿಂಜರಿಯುತ್ತದೆ. ತನ್ನ ಸೈನಿಕರನ್ನು ಬಿಟ್ಟು ಬರಬೇಕಾಯಿತೆಂಬುದನ್ನು ಮರೆಯದೆ ಮರುವರ್ಷವೇ ಅದಕ್ಕೊಂದು ದಾರಿ ಹುಡುಕಿದ ವಿಂಗೇಟ್ ನನಗೆ ಇಷ್ಟವಾಗುತ್ತಾನೆ. ಪ್ಯಾಲೆಸ್ತೀನಿನ ಹಳ್ಳಿಗರಿಗೆ ಮಾತ್ರ ಆ ಲೆಕ್ಕದಲ್ಲಿ ಜಾಗ ಸಿಗಲಿಲ್ಲ. ನಮ್ಮವರ ನೋವು ನಮಗೆ ಬೇಗ ಕಾಣುತ್ತದೆ. ಶಿಬಿರದಲ್ಲಿ ನಾವು ಹೊತ್ತು ತಂದವನು ನಮ್ಮ ಗೆಳೆಯನಾಗಿದ್ದ. ಅವನು ಬೇರೆ ಕಾಲೇಜಿನ, ನಮಗೆ ಆಗದ ತಂಡದ ಹುಡುಗನಾಗಿದ್ದರೆ ನಾನು ಹೆಗಲು ಕೊಡುತ್ತಿದ್ದೆನೇ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.