ತನ್ನ ಹಲಗೆಯ ಮಾತನ್ನೇ ಕೇಳದ ಗಾಲ್ಟನ್

ದಾಳದಲ್ಲಿ ಐದು ಬಿದ್ದಾಗ ಕಾಣುವ ಚುಕ್ಕಿಗಳನ್ನು ನೆನಪಿಸಿಕೊಳ್ಳಿ. ಮೂಲೆಗೊಂದರಂತೆ ನಾಲ್ಕು, ನಡುವೆ ಒಂದು. ಈ ವಿನ್ಯಾಸಕ್ಕೆ ಕ್ವಿಂಕಂಕ್ಸ್ ಅಂತ ಹೆಸರು. ಬೈಜಾಂಟೈನ್ ಶೈಲಿಯ ಎಷ್ಟೋ ಚರ್ಚುಗಳ ಐದು ಗುಮ್ಮಟಗಳು ನಿಂತಿರುವುದು ಹೀಗೆಯೇ. 1873ರಲ್ಲಿ ಇದೇ ವಿನ್ಯಾಸದಲ್ಲಿ ಹಲಗೆಯ ತುಂಬ ಮೊಳೆ ಹೊಡೆಸಿ ಒಂದು ಉಪಕರಣ ಮಾಡಿಸಿದವನು ಫ್ರಾನ್ಸಿಸ್ ಗಾಲ್ಟನ್. ಸಂಖ್ಯಾಶಾಸ್ತ್ರದಲ್ಲಿ ಅವನದು ದೊಡ್ಡ ಹೆಸರು. ಯುಜೆನಿಕ್ಸ್, ಅಂದರೆ ಮನುಷ್ಯರ ತಳಿ ಸುಧಾರಿಸುವ ಸಿದ್ಧಾಂತಕ್ಕೆ ಹೆಸರಿಟ್ಟವನೂ ಅವನೇ.

ಗಾಲ್ಟನ್ ಹುಟ್ಟಿದ್ದು 1822ರಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರ. ಬಂದೂಕು ತಯಾರಿಸಿ, ಬ್ಯಾಂಕು ನಡೆಸಿ ದುಡ್ಡು ಮಾಡಿದ ಮನೆತನ. ಚಾರ್ಲ್ಸ್ ಡಾರ್ವಿನ್‌ಗೂ ಇವನಿಗೂ ತಾತ ಒಬ್ಬನೇ. ಕೇಂಬ್ರಿಜ್‌ನಲ್ಲಿ ಗಣಿತ ಓದುವಾಗ ಮಾನಸಿಕವಾಗಿ ಕುಸಿದು, ಆನರ್ಸ್ ಬಿಟ್ಟು ಸಾಧಾರಣ ಪದವಿಗೆ ತೃಪ್ತಿಪಟ್ಟ. 1844ರಲ್ಲಿ ಅಪ್ಪ ತೀರಿಕೊಂಡ. ಕೈಗೆ ಬಂದ ಆಸ್ತಿಯಿಂದಾಗಿ ಆಮೇಲೆ ಹೊಟ್ಟೆಪಾಡಿಗೆ ದುಡಿಯುವ ಅಗತ್ಯವೇ ಬೀಳಲಿಲ್ಲ.

ಇಂಥವನು 1869ರಲ್ಲಿ 'ಹೆರೆಡಿಟರಿ ಜೀನಿಯಸ್' ಎಂಬ ಪುಸ್ತಕ ಬರೆದ. ನ್ಯಾಯಾಧೀಶರು, ರಾಜಕಾರಣಿಗಳು, ವಿಜ್ಞಾನಿಗಳ ಬಂಧುಬಳಗದ ಪಟ್ಟಿ ಮಾಡಿ, ಪ್ರತಿಭೆ ರಕ್ತದಲ್ಲೇ ಬರುತ್ತದೆ ಅಂತ ವಾದಿಸಿದ. ಆ ಮನೆಗಳಲ್ಲಿ ರಕ್ತದ ಜೊತೆ ದುಡ್ಡು, ಶಾಲೆ, ಶಿಫಾರಸುಗಳೂ ಹರಿದುಬರುತ್ತಿದ್ದವು. ಅದು ಅವನ ಲೆಕ್ಕಕ್ಕೆ ಬರಲೇ ಇಲ್ಲ. ಆಫ್ರಿಕನ್ನರನ್ನು ಇಂಗ್ಲಿಷರಿಗಿಂತ ಎರಡು ದರ್ಜೆ ಕೆಳಗಿಟ್ಟದ್ದೂ ಇದೇ ಪುಸ್ತಕದಲ್ಲಿ.

ಈಗ ಹಲಗೆಗೆ ಬರೋಣ. ಮೇಲಿಂದ ಸಣ್ಣ ಸೀಸದ ಗುಂಡುಗಳನ್ನು ಸುರಿದರೆ, ಪ್ರತಿ ಗುಂಡೂ ಮೊಳೆಗೆ ತಾಗಿದಾಗಲೆಲ್ಲ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಕೆಳಗಿನ ಅರೆಗಳಲ್ಲಿ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ ತುಂಬಿ ಗಂಟೆಯಾಕಾರದ ಗುಡ್ಡೆಯಾಗುತ್ತದೆ. ಅಂಚಿಗೆ ಬಿದ್ದ ಗುಂಡು, ನಡುವೆ ಬಿದ್ದ ಗುಂಡು ಎರಡೂ ಒಂದೇ ಸೀಸ. ದಾರಿಯಲ್ಲಿ ಸಿಕ್ಕ ಹೊರಳುಗಳಷ್ಟೇ ಬೇರೆ.

1886ರಲ್ಲಿ 928 ಮಕ್ಕಳ ಎತ್ತರವನ್ನು ಅವರ ಅಪ್ಪ-ಅಮ್ಮಂದಿರ ಎತ್ತರದ ಜೊತೆ ಹೋಲಿಸಿ ನೋಡಿದ. ತುಂಬಾ ಎತ್ತರದವರ ಮಕ್ಕಳು ಒಟ್ಟಾರೆ ಸರಾಸರಿಯ ಕಡೆಗೇ ವಾಲಿದ್ದರು. ಇವತ್ತಿನ ರಿಗ್ರೆಷನ್ ಲೆಕ್ಕದ ಬೇರು ಇಲ್ಲಿದೆ. ಬೆರಳಚ್ಚಿನ ಕಥೆಯೂ ಅಷ್ಟೇ. ಬಂಗಾಳದಲ್ಲಿ ಕರಾರುಪತ್ರಗಳಿಗೆ ಹೆಬ್ಬೆಟ್ಟು ಒತ್ತಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್‌ನಿಂದ ಮಾಹಿತಿ ಪಡೆದು, 1892ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಬೆರಳ ಗೆರೆಗಳಲ್ಲಿ ಜನಾಂಗದ ಗುರುತು ಸಿಗುತ್ತದೆಂದು ಹುಡುಕಿದ, ಸಿಗಲಿಲ್ಲ. ಅದನ್ನು ಒಪ್ಪಿಕೊಂಡ ಕೂಡ. ಆದರೆ ಮನುಷ್ಯರಿಗೆ ದರ್ಜೆ ಕೊಡುವ ಚಟ ಮಾತ್ರ ಬಿಡಲಿಲ್ಲ.

1883ರಲ್ಲಿ ಹುಟ್ಟಿದ ಯುಜೆನಿಕ್ಸ್ ಎಂಬ ಪದ ಅವನ ಕೊನೆಗಾಲದಲ್ಲಿ ಚಳವಳಿಯಾಗಿ ಬೆಳೆಯಿತು. ಯೋಗ್ಯರು ಹೆಚ್ಚು ಮಕ್ಕಳನ್ನು ಹೆರಲಿ ಎಂಬುದಕ್ಕೇ ಅವನ ಒತ್ತು ಜಾಸ್ತಿ ಇತ್ತು. ಆದರೆ ಯೋಗ್ಯರ ಪಟ್ಟಿ ಮಾಡಿದ ಮೇಲೆ ಅಯೋಗ್ಯರ ಪಟ್ಟಿ ತಾನಾಗೇ ತಯಾರಾಗುತ್ತದೆ. 1907ರಲ್ಲೇ ಅಮೆರಿಕದ ಇಂಡಿಯಾನಾ ರಾಜ್ಯ ಬಲವಂತದ ಸಂತಾನಹರಣಕ್ಕೆ ಕಾನೂನು ಮಾಡಿತು. 1911ರಲ್ಲಿ ಗಾಲ್ಟನ್ ಸತ್ತ. 1933ರಲ್ಲಿ ನಾಜಿ ಜರ್ಮನಿ ಇಂಥದೇ ಕಾನೂನು ತಂದು ಸುಮಾರು 4 ಲಕ್ಷ ಜನರ ಮೇಲೆ ಪ್ರಯೋಗಿಸಿತು.

ಗಾಲ್ಟನ್ ತನ್ನ ಹಣದಲ್ಲಿ ಯುಜೆನಿಕ್ಸ್ ಪೀಠಕ್ಕೆ ದತ್ತಿ ಬಿಟ್ಟುಹೋದ ಲಂಡನ್ನಿನ ಯೂನಿವರ್ಸಿಟಿ ಕಾಲೇಜು, 2020ರಲ್ಲಿ ಸಭಾಂಗಣದಿಂದ ಅವನ ಹೆಸರು ತೆಗೆಯಿತು. ಹೆಸರು ಅಳಿಸುವುದು ಸುಲಭ. ಮೆರಿಟ್ ಅನ್ನೋದು ಹುಟ್ಟಿನಲ್ಲೇ ಬರುತ್ತೆ ಅಂತ ಯಾರಾದರೂ ಗ್ರಾಫ್ ತೋರಿಸಿದರೆ, ಗುಂಡು ಯಾವ ಮೊಳೆಗಳಿಗೆ ತಾಗಿಕೊಂಡು ಅಲ್ಲಿಗೆ ಬಂತು ಅಂತ ಕೇಳುವುದು ನಮ್ಮ ಪಾಲಿನ ಕೆಲಸ.