ಕ್ಷಯರೋಗಿಗಳ ವೈದ್ಯನಾದ ಟ್ರೂಡೋ ಎಂಬಾತನ ಚರಿತ್ರೆ

ನಮ್ಮ ಹಳ್ಳಿಯ ಮನೆಗಳಲ್ಲಿ ಯಾರಿಗಾದರೂ ಕೆಮ್ಮು ಜ್ವರಗಳು ಬಂದರೆ ನಾವು ಮೊದಲು ಮಾಡುವ ಕೆಲಸವು ಕಿಟಕಿ ಬಾಗಿಲುಗಳನ್ನು ಮುಚ್ಚುವದೇ. ರೋಗಿಗೆ ಗಾಳಿ ತಗಲೀತೆಂಬ ಭಯವು ನಮಗೆ ಅಷ್ಟು ದೊಡ್ಡದು. ಒಂದು ಕಾಲದಲ್ಲಿ ಅಮೇರಿಕಾ ದೇಶದ ಕಲಿತ ವೈದ್ಯರಿಗೂ ಇದೇ ಭಯವಿತ್ತೆಂಬದು ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೋ ಎಂಬಾತನ ಚರಿತ್ರೆಯಿಂದ ತಿಳಿದುಬರುತ್ತದೆ.

ಆತನು 1848ನೆಯ ಇಸವಿಯಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ವೈದ್ಯರ ವಂಶದಲ್ಲಿ ಹುಟ್ಟಿದನು. 1865ರಲ್ಲಿ ಆತನ ಅಣ್ಣನು ಕ್ಷಯರೋಗದಿಂದ ಹಾಸಿಗೆ ಹಿಡಿದನು. ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟುವದೆಂಬ ತಿಳುವಳಿಕೆ ಆಗ ಅಲ್ಲಿ ಇರಲಿಲ್ಲ. ಆದಕಾರಣ ಹದಿನೇಳು ವರುಷದ ತಮ್ಮನು ರಾತ್ರಿ ಹಗಲು ಅಣ್ಣನ ಬಳಿಯಲ್ಲಿದ್ದು, ಕೆಲವು ಸಾರಿ ಅದೇ ಹಾಸಿಗೆಯಲ್ಲಿ ಮಲಗಿ, ಉಪಚಾರ ಮಾಡಿದನು. ಕೆಮ್ಮು ಹೆಚ್ಚೀತೆಂದು ಕಿಟಕಿಗಳನ್ನು ತೆರೆಯಬಾರದೆಂಬದೇ ವೈದ್ಯನ ಅಪ್ಪಣೆಯಾಗಿತ್ತು. ಡಿಸೆಂಬರ್ ತಿಂಗಳಲ್ಲಿ ಅಣ್ಣನು ತೀರಿಹೋದನು.

ತರುವಾಯ ಟ್ರೂಡೋ ವೈದ್ಯಶಾಸ್ತ್ರವನ್ನು ಕಲಿತು 1871ರಲ್ಲಿ ವೈದ್ಯನಾದನು. ಅದೇ ವರುಷ ಮದುವೆಯೂ ಆಯಿತು. 1873ರಲ್ಲಿ ಜ್ವರವು ಬಿಡದೆ ಬರಲು, ಪರೀಕ್ಷಿಸಿದ ವೈದ್ಯನು ಎಡಗಡೆಯ ಶ್ವಾಸಕೋಶವು ಕೆಟ್ಟಿದೆಯೆಂದು ತಿಳಿಸಿದನು. ಆ ದಿನಗಳಲ್ಲಿ ಅದು ಮರಣದ ತೀರ್ಪಿಗೆ ಸಮಾನ. ಹೇಗೂ ಸಾಯುವದಾದರೆ ತನಗೆ ಪ್ರಿಯವಾದ ಅಡಿರಾಂಡಕ್ ಎಂಬ ಅರಣ್ಯಪ್ರಾಂತದಲ್ಲಿ ಕಡೇ ದಿನಗಳನ್ನು ಕಳೆಯಬೇಕೆಂದು ಆತನು ಬಯಸಿದನು. ಬಂಡಿಯಲ್ಲಿ ಹಾಸಿಗೆ ಹಾಸಿ ಆತನನ್ನು ಮಲಗಿಸಿಕೊಂಡು ಹೋದರು. ಅಲ್ಲಿಯ ಬೇಟೆಗಾರನೊಬ್ಬನು ಆತನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಾಗ, ಕುರಿಮರಿಯ ಒಣಚರ್ಮದಷ್ಟೇ ಹಗುರವೆಂದು ಬೆರಗಾದನಂತೆ. ಆದರೆ ದೋಣಿಯಲ್ಲಿ ಕಂಬಳಿಗಳ ಮೇಲೆ ಒರಗಿ ಬಯಲಿನ ಗಾಳಿಯಲ್ಲಿ ದಿನ ಕಳೆಯುತ್ತಾ ಬರಲು, ಹಸಿವೂ ನಿದ್ರೆಯೂ ತಿರಿಗಿ ಬಂದವು. ಪಟ್ಟಣಕ್ಕೆ ಮರಳಿದಾಗಲಾದರೋ ರೋಗವು ಮತ್ತೆ ಕಾಣಿಸಿಕೊಂಡಿತು. ಕಡೆಗೆ 1876ರಲ್ಲಿ ಆತನು ಆ ಕಾಡಿನೊಳಗಿನ ಸಾರನಾಕ್ ಲೇಕ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದನು.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತನು ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ಕಂಡುಹಿಡಿದನು. ಟ್ರೂಡೋ ತನ್ನ ಮನೆಯಲ್ಲಿಯೇ ಆ ಕ್ರಿಮಿಯನ್ನು ಬೆಳೆಸಲು ಕಲಿತು, ಮೊಲಗಳ ಮೇಲೆ ಒಂದು ಪರೀಕ್ಷೆಯನ್ನು ಮಾಡಿದನು. ಇದನ್ನು ವಾಚಕರು ನಿಧಾನವಾಗಿ ಓದಬೇಕು. ಐದು ಮೊಲಗಳಿಗೆ ರೋಗಕ್ರಿಮಿಯನ್ನು ಚುಚ್ಚಿ, ಬೆಳಕೂ ಗಾಳಿಯೂ ಇಲ್ಲದ ಇಕ್ಕಟ್ಟಾದ ಸ್ಥಳದಲ್ಲಿ ಇಟ್ಟನು, ನಾಲ್ಕು ಸತ್ತವು. ಬೇರೆ ಐದಕ್ಕೆ ಏನೂ ಚುಚ್ಚದೆ ಅಂಥ ಕತ್ತಲೆಯ ತೇವದ ಗುಂಡಿಯಲ್ಲಿಯೇ ಇಟ್ಟು ಕಡಿಮೆ ಮೇವು ಹಾಕಿದನು. ಅವು ಬಡಕಲಾದವು, ಆದರೆ ಕ್ಷಯವು ಬರಲಿಲ್ಲ. ಮತ್ತೈದಕ್ಕೆ ಕ್ರಿಮಿಯನ್ನು ಚುಚ್ಚಿ ಒಂದು ದ್ವೀಪದಲ್ಲಿ ಯಥೇಚ್ಛವಾಗಿ ಮೇಯಬಿಟ್ಟನು. ಒಂದೇ ಸತ್ತು ನಾಲ್ಕು ಚೆನ್ನಾಗಿದ್ದವು. ಹೀಗೆ ಕ್ರಿಮಿಯಿಲ್ಲದೆ ಕ್ಷಯವಿಲ್ಲ, ಆದರೆ ಕ್ರಿಮಿ ಹೊಕ್ಕ ದೇಹವು ಗೆಲ್ಲುವದೋ ಸೋಲುವದೋ ಎಂಬದರಲ್ಲಿ ಇರುವ ಸ್ಥಳಕ್ಕೂ ತಿನ್ನುವ ಆಹಾರಕ್ಕೂ ಪಾಲುಂಟೆಂದು ಆತನು ಕಂಡನು. ಕ್ಷಯವನ್ನು ಮನೆತನದ ಶಾಪವೆಂದು ಅಡಗಿಸಿಡುವವರು ನಮ್ಮಲ್ಲಿ ಇನ್ನೂ ಇದ್ದಾರಲ್ಲಾ!

1885ರಲ್ಲಿ ಆತನು ಕಟ್ಟಿಸಿದ ಮೊದಲನೆಯ ಗುಡಿಸಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಕ್ಕತಂಗಿಯರಿಬ್ಬರು ರೋಗಿಗಳಾಗಿ ಬಂದರು. ಅದರ ಜಗಲಿ ಒಬ್ಬರು ಮಾತ್ರ ಕೂಡ್ರುವಷ್ಟು ಚಿಕ್ಕದು. ಮುಂದೆ ಅಂಥ ಮನೆಗಳು ಬಹಳವಾಗಿ, ರೋಗಿಗಳು ಹಿಮ ಬೀಳುವ ಕಾಲದಲ್ಲಿಯೂ ಕಂಬಳಿ ಹೊದ್ದು ಜಗಲಿಯಲ್ಲಿ ಮಲಗುತ್ತಿದ್ದರು. ಎಲ್ಲರೂ ಗುಣಹೊಂದಲಿಲ್ಲ. ಆತನ ಸ್ವಂತ ಮಗಳೇ 1893ರಲ್ಲಿ ಕ್ಷಯದಿಂದ ತೀರಿಕೊಂಡಳು. ಅದೇ ವರುಷ ಪರೀಕ್ಷಾಶಾಲೆಯಿದ್ದ ಮನೆಯೂ ಸುಟ್ಟುಹೋಯಿತು. ಮರುವರುಷ ಆತನು ಕಲ್ಲಿನ ಶಾಲೆಯನ್ನು ಕಟ್ಟಿಸಿ ಕೆಲಸವನ್ನು ಮುಂದುವರಿಸಿದನು.

1943ರಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಔಷಧವು ದೊರೆತ ಮೇಲೆ ಇಂಥ ಆರೋಗ್ಯಾಶ್ರಮಗಳ ಕಾಲವು ಮುಗಿಯುತ್ತಾ ಬಂದು, ಟ್ರೂಡೋವಿನದು 1954ರಲ್ಲಿ ಮುಚ್ಚಿತು. ಈಗ ಕ್ಷಯಕ್ಕೆ ಗಾಳಿಯೊಂದೇ ಸಾಲದು; ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಗಳು ಬೇಕು, ಅವನ್ನು ಸರಕಾರದ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ಕೊಡುತ್ತಾರೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫವನ್ನು ಪರೀಕ್ಷೆ ಮಾಡಿಸಬೇಕು. ಆದರೂ ರೋಗಿಯ ಕೋಣೆಯೊಳಗೆ ಗಾಳಿಯಾಡಿದರೆ ಕೆಮ್ಮಿನೊಡನೆ ಹೊರಟ ಕ್ರಿಮಿಗಳು ಅಲ್ಲೇ ನಿಲ್ಲದೆ ಚದರಿಹೋಗುವದರಿಂದ, ಉಪಚಾರ ಮಾಡುವವರಿಗೆ ಅಪಾಯವು ಕಡಿಮೆ ಎಂಬದು ಇಂದಿಗೂ ನಿಜ.

ಟ್ರೂಡೋ ಆ ಒಂದು ಕೆಟ್ಟ ಶ್ವಾಸಕೋಶವನ್ನು ಹೊತ್ತುಕೊಂಡೇ, ನಡುನಡುವೆ ಹಾಸಿಗೆ ಹಿಡಿಯುತ್ತಾ ಏಳುತ್ತಾ, ನಾಲ್ವತ್ತೆರಡು ವರುಷ ಬದುಕಿ, 1915ನೆಯ ನವೆಂಬರಿನಲ್ಲಿ ಸಾರನಾಕ್ ಲೇಕಿನಲ್ಲಿಯೇ ಮರಣ ಹೊಂದಿದನು.