ನೆರ್ನ್‌ಸ್ಟನ ದೀಪ

ಕಾಪುವಿನ ಕಡಲ ಬಂಡೆಯ ಮೇಲೆ ದೀಪಸ್ತಂಭವು ಎದ್ದು ನಿಂತದ್ದು ೧೯೦೧ರಲ್ಲಿ. ಆ ಕಾಲಕ್ಕೆ ಯುರೋಪಿನಲ್ಲಿ ಹೊಸ ಬಗೆಯ ವಿದ್ಯುದ್ದೀಪವೊಂದು ಬೆಳಗತೊಡಗಿತ್ತು. ಅದನ್ನು ಕಂಡುಹಿಡಿದವನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್.

ನ್ಯಾಯಾಧೀಶನೊಬ್ಬನ ಮಗನಾದ ನೆರ್ನ್‌ಸ್ಟ್, ಪ್ರಷ್ಯದ ಬ್ರೀಸನ್ ಎಂಬ ಸಣ್ಣ ಊರಿನಲ್ಲಿ ೧೮೬೪ರ ಜೂನ್ ೨೫ರಂದು ಜನಿಸಿದನು. ವಿದ್ಯುತ್ಕೋಶದ ವೋಲ್ಟೇಜನ್ನು ಲೆಕ್ಕಹಾಕುವ ಸಮೀಕರಣವನ್ನು ೧೮೮೯ರಲ್ಲಿ ನೀಡಿ, ಎಳೆಯ ವಯಸ್ಸಿನಲ್ಲಿಯೇ ಹೆಸರಾದನು.

ಎಡಿಸನ್ನನ ದೀಪದಲ್ಲಿದ್ದ ಇಂಗಾಲದ ಎಳೆಯು ಗಾಳಿ ತಾಗಿದರೆ ಸುಟ್ಟುಹೋಗುತ್ತಿತ್ತು. ಆದುದರಿಂದ ಬುರುಡೆಯೊಳಗಿನ ಗಾಳಿಯನ್ನು ತೆಗೆದು, ತಂತಿಯು ಗಾಜನ್ನು ಹೊಕ್ಕ ಕಡೆ ಭದ್ರವಾಗಿ ಬೆಸೆಯಬೇಕಾಗಿತ್ತು. ೧೮೯೭ರಲ್ಲಿ ನೆರ್ನ್‌ಸ್ಟ್ ಬೇರೆಯೇ ದಾರಿ ಹಿಡಿದನು. ಪಿಂಗಾಣಿಯಂಥ ಜಿರ್ಕೋನಿಯಕ್ಕೆ ಸ್ವಲ್ಪ ಯಿಟ್ರಿಯವನ್ನು ಬೆರೆಸಿ ಸಣ್ಣ ಕಡ್ಡಿಯನ್ನು ಮಾಡಿದನು. ತಣ್ಣಗಿರುವಾಗ ಅದರಲ್ಲಿ ವಿದ್ಯುತ್ತು ಹರಿಯದು. ಕಾಯಿಸಿದರೆ ಹರಿದು, ಕಡ್ಡಿಯು ಬೆಳ್ಳಗೆ ಬೆಳಗುತ್ತದೆ. ಬಯಲಾಟದ ರಂಗಸ್ಥಳದಲ್ಲಿ ಪೆಟ್ರೊಮ್ಯಾಕ್ಸ್ ದೀಪವನ್ನು ಕಂಡ ಉಡುಪಿ, ಕಾರ್ಕಳದ ಹಿರಿಯರಿಗೆ ಈ ಜಾತಿಯ ಬೆಳಕು ಅಪರಿಚಿತವಲ್ಲ. ಆಮ್ಲಜನಕದೊಡನೆ ಮೊದಲೇ ಕೂಡಿದ ವಸ್ತುವಾದ್ದರಿಂದ ಕಡ್ಡಿಯು ಗಾಳಿಯಲ್ಲಿ ಸುಡುವಂತಿಲ್ಲ. ಗಾಳಿ ತೆಗೆದ ಬುರುಡೆಯೂ ಬೇಡ, ಬೆಸುಗೆಯೂ ಬೇಡ!

ಇದರ ಹಕ್ಕನ್ನು ಎ.ಇ.ಜಿ. ಸಂಸ್ಥೆಯು ಹತ್ತು ಲಕ್ಷ ಮಾರ್ಕುಗಳಿಗೆ ಕೊಂಡಿತು. ವಿದ್ವಾಂಸನು ಬಡವನಾಗಿಯೇ ಇರಬೇಕೆಂಬ ನಂಬಿಕೆ ನೆರ್ನ್‌ಸ್ಟನಿಗೆ ಇರಲಿಲ್ಲ. ಮೋಟಾರು ಕಾರುಗಳೆಂದರೆ ಆತನಿಗೆ ಬಲು ಪ್ರೀತಿ. ಆದರೆ ಪ್ರತಿ ಸಲವೂ ಕಡ್ಡಿಯನ್ನು ಮೊದಲು ಕಾಯಿಸಬೇಕಾದ ತೊಡಕಿತ್ತು. ಟಂಗ್‌ಸ್ಟನ್ ಎಳೆಯ ಬುರುಡೆಗಳು ಬಂದ ಮೇಲೆ ಈ ದೀಪವು ಮೂಲೆಗುಂಪಾಯಿತು.

ನೆರ್ನ್‌ಸ್ಟ್ ೧೯೦೫ರಲ್ಲಿ ಬರ್ಲಿನ್ನಿಗೆ ಹೋದನು. ಉಷ್ಣಚಲನಶಾಸ್ತ್ರದ ಮೂರನೆಯ ನಿಯಮವು ಆತನದೇ. ೧೯೨೦ರ ನೊಬೆಲ್ ಪಾರಿತೋಷಕವೂ ದೊರೆಯಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಆತನ ಇಬ್ಬರು ಗಂಡುಮಕ್ಕಳನ್ನೂ ನುಂಗಿತ್ತು. ಹಿಟ್ಲರನ ಆಳ್ವಿಕೆಯಲ್ಲಿ, ಯಹೂದಿಗಳನ್ನು ಮದುವೆಯಾಗಿದ್ದ ಇಬ್ಬರು ಹೆಣ್ಣುಮಕ್ಕಳು ದೇಶ ಬಿಡಬೇಕಾಯಿತು. ೧೯೩೩ರಲ್ಲಿ ನಿವೃತ್ತನಾಗಿ ಹಳ್ಳಿಯ ಮನೆಯನ್ನು ಸೇರಿದ ನೆರ್ನ್‌ಸ್ಟ್ ೧೯೪೧ರ ನವೆಂಬರ್ ೧೮ರಂದು ತೀರಿಕೊಂಡನು.

ಇದಕ್ಕೆ ನಾಲ್ಕು ವರ್ಷ ಮೊದಲೇ, ೧೯೩೭ರಲ್ಲಿ, ಸ್ವಿಟ್ಜರ್ಲೆಂಡಿನ ಬೌರ್ ಮತ್ತು ಪ್ರೈಸ್ ಎಂಬವರು ಆ ದೀಪದ ವಸ್ತುವಿನಿಂದಲೇ ಇಂಧನಕೋಶವನ್ನು ರಚಿಸಿದ್ದರು. ಇಂಥ ಕೋಶದಲ್ಲಿ ಜಿರ್ಕೋನಿಯದ ಒಂದು ಪಕ್ಕ ಜಲಜನಕ, ಇನ್ನೊಂದು ಪಕ್ಕ ಗಾಳಿ. ಆಮ್ಲಜನಕದ ಅಯಾನುಗಳು ಮಾತ್ರ ನಡುಗೋಡೆಯನ್ನು ದಾಟಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಜಲಜನಕವು ಸೋರಿ ಅಲ್ಲಿಯೇ ಉರಿದುಹೋಗುತ್ತದೆ, ವಿದ್ಯುತ್ತು ನಷ್ಟವಾಗುತ್ತದೆ. ಬೆಸುಗೆಯೇ ಬೇಡವಾಗಿದ್ದ ವಸ್ತುವಿಗೆ ಈಗ ಬೆಸುಗೆಯೇ ಪ್ರಾಣವಾಯಿತು. ಅಡುಗೆಮನೆಯ ಕುಕ್ಕರಿಗೆ ರಬ್ಬರಿನ ಗ್ಯಾಸ್ಕೆಟ್ ಸಾಕು. ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ನಿಲ್ಲದು. ಅಲ್ಲಿ ವಿಶೇಷವಾದ ಗಾಜನ್ನು ಕರಗಿಸಿ ಸಂದುಗಳನ್ನು ತುಂಬುತ್ತಾರೆ. ಆ ಗಾಜು ಪಿಂಗಾಣಿ ಮತ್ತು ಉಕ್ಕುಗಳಷ್ಟೇ ಹಿಗ್ಗಿ ಕುಗ್ಗಬೇಕು. ಇಲ್ಲವಾದರೆ ಆರುವಾಗ ಸೀಳುತ್ತದೆ. ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ಎಂಜಿನಿಯರರು ಕೋಶವನ್ನು ಒಂದು ತುದಿ ಮುಚ್ಚಿದ ಕೊಳವೆಯನ್ನಾಗಿ ಮಾಡಿ, ಉಳಿದ ಅನಿಲವನ್ನು ತೆರೆದ ತುದಿಯ ಬಳಿ ಉರಿಯಲು ಬಿಟ್ಟು, ಈ ಗೊಡವೆಯಿಂದ ತಪ್ಪಿಸಿಕೊಂಡರು. ಚಪ್ಪಟೆ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸುವ ಕೋಶಗಳಲ್ಲಿ ಇಂದಿಗೂ ಹೆಚ್ಚಾಗಿ ಗಾಜಿನ ಬೆಸುಗೆಯನ್ನೇ ನೆಚ್ಚಬೇಕಾಗಿದೆ.